ಟಾಡ್‌ಹಂಟರ್ ವತನ

ಒಬ್ಬ ಮನುಷ್ಯನ ಅಡ್ಡಹೆಸರು ಅವನ ವಂಶದ ಚರಿತ್ರೆಯನ್ನೆಲ್ಲ ಒಂದೇ ಪದದಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ತಿಳಿಯದೆ ಆ ಮನುಷ್ಯನನ್ನು ತಿಳಿದೆನೆಂದುಕೊಳ್ಳುವುದು ಅವಿವೇಕ. ನನಗೆ ಅಡ್ಡಹೆಸರಿಲ್ಲ. ಮೈಸೂರು ಕಡೆಯ ಬಹಳ ಜನಕ್ಕೆ ಇರುವುದಿಲ್ಲ. ಹೆಸರಿಗೆ ಎರಡು ಇನಿಷಿಯಲ್ ತಗುಲಿಸಿಕೊಂಡು ಜೀವನ ಸಾಗಿಸುತ್ತೇವೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗ ಖಾಲಿ ಬಿಡಬಾರದೆಂದು ಏಜೆಂಟನೊಬ್ಬ ನಮ್ಮ ತಂದೆಯವರ ಹೆಸರನ್ನು ಅಲ್ಲಿ ತುಂಬಿದ. ಹದಿನೆಂಟು ವರ್ಷಗಳಿಂದ ಈ ದೇಶದವರು ‘ಮಿಸ್ಟರ್ ನಂಜಪ್ಪ’ ಎಂದು ನಮ್ಮ ತಂದೆಯವರನ್ನು ಕರೆಯುತ್ತಿದ್ದಾರೆ, ನಾನು ಓಗೊಡುತ್ತಿದ್ದೇನೆ.

ಮೊದಲು ಬರೆದ ಗಂಭೀರವಾದ ಮಾತು ಹುಣಸೀಮರದ ಎಂಬ ಅಡ್ಡಹೆಸರಿನ ಶಿರಸ್ತೇದಾರರದು. ಅವರು ನಮಸ್ಕಾರ ಹೇಳುವುದಕ್ಕೆ ಮೊದಲೇ ಎದುರಿನವರ ಅಡ್ಡಹೆಸರು ಕೇಳುತ್ತಿದ್ದರು. ಉತ್ತರ ತೃಪ್ತಿಕರವಾಗಿದ್ದರೆ ಆಮೇಲೆ ನಮಸ್ಕಾರ.

ಅವರು ಧಾರವಾಡ ಜಿಲ್ಲೆಯ ತಹಸೀಲದಾರ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇಂಥ ಕಚೇರಿಯಲ್ಲಿ ಸಹಿ ಹಾಕುವವನು ತಹಸೀಲದಾರ. ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸುವವನು ಶಿರಸ್ತೇದಾರ. ಅಮೆರಿಕದ ಪ್ಲೇನ್ಸ್‌ಬರೋದ ನಮ್ಮ ಅರವತ್ತೆರಡು ಟೌನ್‌ಹೌಸುಗಳ ಕಾಲೊನಿಯಲ್ಲಿ ನನ್ನ ಮನೆಯಿಂದ ಮೂರನೆಯದು ಅವರ ಮಗಳು ಸವಿತಾಳದು. ಹೆಂಡತಿ ತೀರಿಕೊಂಡ ಮರುವರ್ಷ, ಡಿಸೆಂಬರಿನಲ್ಲಿ, ಆರು ತಿಂಗಳ ವೀಸಾದ ಮೇಲೆ ಬಂದರು. ಬಿಳಿ ಪೈಜಾಮ, ಉದ್ದನೆಯ ಅಂಗಿ, ತಲೆಗೆ ಕರಿ ಟೊಪ್ಪಿಗೆ, ಇಷ್ಟರ ಮೇಲೆ ಅಳಿಯನ ಕಿತ್ತಳೆ ಬಣ್ಣದ ಸ್ಕೀ ಜಾಕೆಟ್ಟು. ಎರಡೂ ಕೈ ಬೆನ್ನಿಗೆ ಕಟ್ಟಿ, ಹಿಮದ ಮೇಲೆ ಜಮೀನಿನ ಅಳತೆಗೆ ಬಂದವರ ಹಾಗೆ ನಡೆಯುತ್ತಿದ್ದರು.

“ನಿಮ್ಮ ಅಡ್ಡಹೆಸರೇನ್ರಿ?” ಎಂದರು ಮೊದಲ ದಿನ.

“ಇಲ್ಲ ಸಾರ್.”

“ಇಲ್ಲ ಅಂದ್ರ?”

“ನಮ್ಮ ಕಡೆ ಇರಲ್ಲ. ಶ್ರೀಧರ ಅಷ್ಟೆ. ಎಂ. ಎನ್.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಟದಲ್ಲಿ ತಿರಸ್ಕಾರವಿರಲಿಲ್ಲ, ಕನಿಕರವಿತ್ತು. “ಅಡ್ಡಹೆಸರ ಇಲ್ಲದ ಮನಿಷ್ಯಾ ಅಂದ್ರ ಸರ್ವೆ ನಂಬರ ಇಲ್ಲದ ಹೊಲ ಇದ್ದಂಗ ನೋಡ್ರಿ. ಐತಿ. ಕಣ್ಣಿಗೆ ಕಾಣತೈತಿ. ಬೆಳೀನೂ ಬರತೈತಿ. ಆದರ ದಾಖಲಾ ಇಲ್ಲ.”

ಹೀಗೆ ದಾಖಲೆಯಿಲ್ಲದ ನಾನು ಅವರ ಸಂಜೆಯ ತಿರುಗಾಟದ ಜೊತೆಗಾರನಾದೆ. ಕಾಲೊನಿಯ ಮಕ್ಕಳೂ ದೊಡ್ಡವರೂ ಎಲ್ಲ ಹಿರಿಯರನ್ನೂ ಅಂಕಲ್ ಎನ್ನುವುದು ಅವರಿಗೆ ಸರಿಬರುತ್ತಿರಲಿಲ್ಲ. “ಅಂಕಲ್ ಅಂದ್ರ ಕಾಕಾನೋ, ಮಾಮಾನೋ, ಅತ್ತೀ ಗಂಡನೋ? ವಾರಸಾ ಹಚ್ಚೂದು ಹೆಂಗ?” ಎಂದು ಕೇಳುತ್ತಿದ್ದರು. ಸಂಬಂಧ ಸ್ಪಷ್ಟವಾಗಿರದ ಆಸ್ತಿಯಿಂದ ಏನೆಲ್ಲ ಅನಾಹುತ ಆಗುತ್ತದೆಂಬುದಕ್ಕೆ ಅವರ ಹತ್ತಿರ ಉದಾಹರಣೆಗಳಿದ್ದವು. ಎಲ್ಲವೂ ಉದ್ದವಾಗಿದ್ದವು.

ಅಡ್ಡಹೆಸರುಗಳಲ್ಲಿ ನಾಲ್ಕೇ ಜಾತಿ ಎಂಬುದು ಅವರ ಸಿದ್ಧಾಂತ. ಕಸಬಿನವು, ಊರಿನವು, ಅಪ್ಪನ ಹೆಸರಿನವು, ಇನ್ನು ನಾಲ್ಕನೆಯದು ಚಾಷ್ಟಿಯವು. ಎಂದರೆ ಯಾರೋ ಗೇಲಿಗೆ ಕರೆದದ್ದು ಅಂಟಿಕೊಂಡು ಮೊಮ್ಮಕ್ಕಳ ಕಾಲಕ್ಕೆ ಮನೆತನವಾದವು. ಹಲ್ಲಿನ ಡಾಕ್ಟರರ ಫಲಕ, ಮನೆ ಮಾರುವ ಏಜೆಂಟರ ಫಲಕ, ಚುನಾವಣೆಗೆ ನಿಂತವರ ಫಲಕ, ಎಲ್ಲವನ್ನೂ ನನ್ನಿಂದ ಓದಿಸಿ, ಅರ್ಥ ಹುಡುಕಿಸಿ, ನಾಲ್ಕರಲ್ಲಿ ಒಂದಕ್ಕೆ ಸೇರಿಸುತ್ತಿದ್ದರು. ಸ್ಮಿತ್ ಎಂದರೆ ಕಮ್ಮಾರ, ಪಾಟರ್ ಎಂದರೆ ಕುಂಬಾರ, ಟೇಲರ್ ಎಂದರೆ ಸಿಂಪಿಗೇರ, ಜಾನ್ಸನ್ ಎಂದರೆ ಜಾನಪ್ಪನ ಮಗ. ಔಷಧದಂಗಡಿಯ ಹುಡುಗಿಯ ಎದೆಯ ಮೇಲೆ ಫ್ಲೆಚರ್ ಎಂದು ಬರೆದಿತ್ತು. ಬಾಣ ಮಾಡುವವರು ಎಂದು ಫೋನು ಹೇಳಿತು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟು ಶಿರಸ್ತೇದಾರರು ಆಕೆಗೆ ಕೈಮುಗಿದರು. ಜೊತೆಗಿದ್ದ ಮೊಮ್ಮಗಳು, “ಅಜ್ಜಾ, ಯು ಕಾಂಟ್ ಜಸ್ಟ್ ಡೂ ದಟ್” ಎಂದು ಚಾಕಲೇಟಿನ ಸಾಲಿನ ಹಿಂದೆ ಅವಿತಳು.

ಹೊರಗೆ ಬಂದು ಅವರು ತೀರ್ಪು ಕೊಟ್ಟರು. “ಇಂಗ್ಲಿಷರು ನಮ್ಮ ಧಾರವಾಡ ಕಡೆಯವ್ರ ಅದಾರ್ರಿ. ಎಲ್ಲಾ ನಮ್ಮ ಪದ್ಧತಿನ. ನೀವು ಮೈಸೂರವ್ರ ಪರದೇಶದವ್ರು.”

ಮಿಸ್ ಟಾಡ್‌ಹಂಟರ್ ಅವರ ಪರಿಚಯವಾದದ್ದು ಏಪ್ರಿಲಿನಲ್ಲಿ. ಕಾಲೊನಿಯ ಕೊನೆಯ ಮನೆ ಅವರದು. ಅದರಾಚೆ ಹುಲ್ಲುಹಾಸು, ಹುಲ್ಲುಹಾಸಿನಾಚೆ ಕಾಡಿನ ಒಂದು ತುಂಡು. ವಯಸ್ಸು ಎಪ್ಪತ್ತೊಂಬತ್ತು. ಮದುವೆಯಾಗಿರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಮುಂದಿನ ರಸ್ತೆಯಲ್ಲಿ ಹಳದಿ ಕೋಟು ತೊಟ್ಟು, ಕೈಯಲ್ಲಿ ‘ಸ್ಟಾಪ್’ ಎಂದು ಬರೆದ ಕೆಂಪು ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸಿದವರು. ಹನ್ನೊಂದು ವರ್ಷದಿಂದ ನಾನು ಅವರಿಗೆ ಕೈಬೀಸುತ್ತಿದ್ದೆ, ಮಾತಾಡಿರಲಿಲ್ಲ. ಶಿರಸ್ತೇದಾರರು ಒಂದೇ ನಿಮಿಷದಲ್ಲಿ, ನನ್ನ ಮುಖಾಂತರ, ಆಕೆಯ ಅಡ್ಡಹೆಸರು ಕೇಳಿದರು.

ಆಕೆ ನಿಧಾನವಾಗಿ ಹೇಳಿದರು. ಇಂಗ್ಲೆಂಡಿನ ಉತ್ತರದಿಂದ ಅಜ್ಜ ತಂದ ಹೆಸರು. ಅರ್ಥ ಗೊತ್ತಿಲ್ಲ. ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರು. ಅಪ್ಪನನ್ನು ಕೇಳಿದರೆ ‘ಅದು ಇಂಗ್ಲಿಷ್ ಹೆಸರು, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳು’ ಎನ್ನುತ್ತಿದ್ದನಂತೆ. ಒಬ್ಬನೇ ಅಣ್ಣ, ಅವನಿಗೂ ಮಕ್ಕಳಿರಲಿಲ್ಲ, ಈಗ ಅವನೂ ಇಲ್ಲ. “ನನ್ನ ಜೊತೆಗೆ ಮುಗಿಯಿತು” ಎಂದು, ಫ್ರಿಜ್ಜಿನಲ್ಲಿ ಹಾಲು ಮುಗಿಯಿತು ಎನ್ನುವ ಧಾಟಿಯಲ್ಲಿ ಹೇಳಿದರು. ಆಮೇಲೆ, ಇವರ ಹೆಸರಿನ ಅರ್ಥವೇನೆಂದು ಕೇಳಿದರು.

“ನಮ್ಮ ಮನೀ ಮುಂದ ಹುಣಸೀಮರ ಇತ್ತು ಅಂತ ಹೇಳ್ರಿ” ಎಂದರು ಶಿರಸ್ತೇದಾರರು. “ನಮ್ಮಜ್ಜನ ಕಾಲಕ್ಕ ಗಾಳೀಗೆ ಬಿತ್ತು. ಹೆಸರ ನಿಂತೈತಿ.”

ಹೇಳಿದೆ. ಮಿಸ್ ಟಾಡ್‌ಹಂಟರ್ ಸ್ವಲ್ಪ ಯೋಚಿಸಿ, ಒಪ್ಪಬಹುದಾದ ಹೆಸರು ಎಂದರು.

ಟಾಡ್‌ಹಂಟರ್ ನಾಲ್ಕರಲ್ಲಿ ಯಾವ ಜಾತಿ ಎಂಬುದು ಅಲ್ಲಿಯೇ ನಿಂತು ನನ್ನ ಫೋನಿನಲ್ಲಿ ನೋಡಬಹುದಿತ್ತು. ಆದರೆ ಸಾಮಾನ್ಯ ಹೆಸರಿಗೆ ಸಾಕಾಗುವ ಫೋನು ಇಂಥ ಅಪರೂಪದ ಹೆಸರಿಗೆ ಸಾಲದೆಂದು ಅವರು ಹಟ ಹಿಡಿದರು. “ಫೋನಿನ್ಯಾಗ ಯಾರ ಬೇಕಾದವ್ರ ಏನ ಬೇಕಾದ್ದ ಬರೀತಾರ. ಕಟ್ಟಿದ ಪುಸ್ತಕ ತೋರಸ್ರಿ.” ಶನಿವಾರ ಡ್ರೈವ್ ಮಾಡಿಕೊಂಡು ಪ್ರಿನ್ಸ್‌ಟನ್ನಿನ ಲೈಬ್ರರಿಗೆ ಹೋದೆವು. ಇಟ್ಟಿಗೆಯಷ್ಟು ದಪ್ಪದ ಅಡ್ಡಹೆಸರುಗಳ ನಿಘಂಟು ಸಿಕ್ಕಿತು. ಇಂಗ್ಲೆಂಡಿನ ಉತ್ತರದ ಹಳೆಯ ಆಡುಮಾತಿನಲ್ಲಿ ಟಾಡ್ ಎಂದರೆ ನರಿ. ಟಾಡ್‌ಹಂಟರ್ ಎಂದರೆ ನರಿ ಬೇಟೆಗಾರ. ಕುರಿಮರಿ, ಕೋಳಿ ಹೊತ್ತೊಯ್ಯುವ ನರಿಗಳನ್ನು ಹೊಡೆದು ತಂದವರಿಗೆ ಊರಿನ ಚರ್ಚಿನಿಂದ ತಲೆಗಿಷ್ಟು ಹಣ ಎಂದು ಕೊಡುತ್ತಿದ್ದರು.

ಕೊನೆಯ ವಾಕ್ಯವನ್ನು ಮೂರು ಸಲ ಓದಿಸಿದರು.

“ಊರು ಕೊಡತಿತ್ತಂತೇನು? ಖರೇನ?”

“ಹೌದು ಸಾರ್, ಹಾಗೇ ಇದೆ.”

“ಅಂದಮ್ಯಾಲ ಇವ್ರು ಖುಷಿಗೆ ಬ್ಯಾಟಿ ಆಡಿದವ್ರಲ್ಲ. ಊರ ಕೆಲಸಾ ಮಾಡಿದವ್ರು.” ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. “ಇದು ಕಸಬಲ್ರಿ ಶ್ರೀಧರ್ ಅವರ. ಇದು ವತನ.”

ಕಸಬನ್ನು ಬೇಕಾದವನು ಹಿಡಿಯಬಹುದು, ಬೇಡವಾದರೆ ಬಿಡಬಹುದು. ವತನ ಹಾಗಲ್ಲ. ಅದು ಊರು ಒಂದು ಮನೆತನಕ್ಕೆ ವಹಿಸಿಕೊಟ್ಟ ಕೆಲಸ. ಗೌಡಕಿ, ಕುಲಕರ್ಣಿಕಿ, ತಳವಾರಕಿ ಎಲ್ಲ ಹೀಗೆ ತಂದೆಯಿಂದ ಮಕ್ಕಳಿಗೆ ಬರುತ್ತಿದ್ದವು. ಆ ಮನೆತನವನ್ನು ಬಿಟ್ಟು ಇನ್ನೊಬ್ಬರು ಅದಕ್ಕೆ ಕೈಹಾಕುವಂತಿರಲಿಲ್ಲ. ಸರಕಾರ ಎಂದೋ ಇದನ್ನೆಲ್ಲ ರದ್ದು ಮಾಡಿತು. ರದ್ದಾದದ್ದರಿಂದ ಹುಟ್ಟಿದ ತಕರಾರುಗಳ ಕಡತಗಳಲ್ಲಿ ಶಿರಸ್ತೇದಾರರ ನೌಕರಿಯ ಬಹುಭಾಗ ಕಳೆದಿತ್ತು. ಟಾಡ್‌ಹಂಟರ್ ಕೆಲಸ ವಂಶಪಾರಂಪರ್ಯವಾಗಿ ಬರುತ್ತಿತ್ತೆಂದು ನಿಘಂಟಿನಲ್ಲಿ ಒಂದಕ್ಷರವೂ ಇರಲಿಲ್ಲ; ನರಿ ತಂದವರು ಯಾರಾದರೂ ಸರಿ, ಊರು ಕೊಡುತ್ತಿತ್ತು. ಇದನ್ನು ನಾನು ವಿನಯದಿಂದ ಹೇಳಿದೆ.

“ಬರದಿಲ್ಲ ಅಂದ್ರ ಇರಲಿಲ್ಲ ಅಂತಲ್ಲ” ಎಂದರು. “ಕೆಲಸಾ ಮನಿತನದ ಹೆಸರಾಗಿ ನಿಂತೈತಿ ಅಂದ್ರ ಅಪ್ಪನಿಂದ ಮಗಗ ಹೋಗಿರಬೇಕಲ್ರಿ. ಸನದು ಎಲ್ಲೋ ಇರತೈತಿ.”

ಧಾರವಾಡ ಜಿಲ್ಲೆಯ ಹಕ್ಕುಪತ್ರದ ನ್ಯಾಯವನ್ನು ಇಂಗ್ಲೆಂಡಿನ ಉತ್ತರ ಭಾಗಕ್ಕೆ ಅನ್ವಯಿಸಿದವರು ಇವರೊಬ್ಬರೇ ಇರಬೇಕು. ಪರಸ್ಥಳದ ವಿಷಯ, ಯಾರಿಗೇನು ನಷ್ಟ ಎಂದು ನಾನು ಸುಮ್ಮನಾದೆ.

ಸಂಗತಿ ತಿಳಿಸಲು ಅದೇ ಸಂಜೆ ಮಿಸ್ ಟಾಡ್‌ಹಂಟರ್ ಮನೆಗೆ ಹೋದೆವು. ನರಿ ಎಂಬ ಮಾತು ಬಂದೊಡನೆ ಆಕೆ ಚಹದ ಕೆಟಲ್ಲನ್ನು ಆರಿಸಿದರು. ನಮ್ಮಿಬ್ಬರನ್ನು ಅಡುಗೆಮನೆಯ ಕಿಟಕಿಗೆ ಕರೆದೊಯ್ದರು. ಮನೆಯ ಹಿಂದೆ ಮರದ ಹಲಗೆಯ ಜಗುಲಿ, ಇಲ್ಲಿನ ಮಾತಿನಲ್ಲಿ ಡೆಕ್. ಅದರ ಕೆಳಗಿನ ಸಂದಿಯಿಂದ ಒಂದು ಕೆಂಪು ನರಿ ಬಂದು ಬಿಸಿಲಲ್ಲಿ ಮಲಗಿತ್ತು. ಅದರ ಬೆನ್ನ ಮೇಲೆ, ಬಾಲದ ಮೇಲೆ, ಒಂದರ ಮೇಲೊಂದು ನಾಲ್ಕು ಮರಿಗಳು.

“ಯಾರಿಗೂ ಹೇಳಿಲ್ಲ” ಎಂದರು ಆಕೆ. “ಏನೂ ಹಾಕುವುದೂ ಇಲ್ಲ, ಹಾಕಬಾರದಂತೆ. ಸುಮ್ಮನೆ ನೋಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ನೋಡಲು ಏನಾದರೂ ಇರುವುದು ಒಳ್ಳೆಯದು.” ಆಮೇಲೆ ಕೇಳಿದರು: “ನಮ್ಮವರು ಇವುಗಳ ತಲೆ ಮಾರುತ್ತಿದ್ದರೇ?”

ಶಿರಸ್ತೇದಾರರು ಕಿಟಕಿಗೆ ಹಣೆ ಹಚ್ಚಿ ಮರಿಗಳನ್ನು ಎಣಿಸಿದರು. “ಇಷ್ಟು ಮನೀ ಅದಾವ. ವತನದಾರರ ಮನೀಗೇ ಬಂದಾವ ನೋಡ್ರಿ. ಹಾಜರಿ ಹಾಕಾಕ ಬಂದಂಗೈತಿ.”

ಎರಡು ದಿನದ ಮೇಲೆ ಯಾರದೋ ಬಾಗಿಲ ಕ್ಯಾಮೆರಾದಲ್ಲಿ ನರಿ ಬಿತ್ತು. ವಿಡಿಯೊ ಕಾಲೊನಿಯ ವಾಟ್ಸಾಪ್ ಗುಂಪಿಗೆ ಬಂತು. ರೇಬೀಸ್ ಎಂದು ಒಬ್ಬರು ಬರೆದರು. ಊಟದ ಹೊತ್ತಿಗೆ ನರಿಗಳು ಹನ್ನೆರಡಾದವು. ಮನೆ ಮಾಲೀಕರ ಸಂಘದ ಅಧ್ಯಕ್ಷ ಇಮ್ತಿಯಾಜ್ ಮೈಸೂರಿನವರೇ, ಔಷಧ ಕಂಪನಿಯಲ್ಲಿ ಕೆಲಸ, ನ್ಯಾಯವಂತ. ಅವರ ಮೂರು ವರ್ಷದ ಮಗಳು ಆಡುವುದು ಅದೇ ಹುಲ್ಲುಹಾಸಿನಲ್ಲಿ. ಪ್ರಾಣಿ ಹಿಡಿಯುವವನೊಬ್ಬನನ್ನು ಗೊತ್ತು ಮಾಡಿದರು. ಹಿಡಿದ ನರಿಯನ್ನು ಕಾನೂನಿನ ಪ್ರಕಾರ ಬೇರೆ ಕಡೆ ಬಿಡುವ ಹಾಗಿಲ್ಲ, ಮುಗಿಸಿಬಿಡುತ್ತೇನೆ, ಶುಕ್ರವಾರ ಬರುತ್ತೇನೆ ಎಂದ ಅವನು. ಬುಧವಾರ ಸಭೆ ಎಂದು ಎಲ್ಲರಿಗೂ ಇಮೇಲ್ ಬಂತು.

ಭಾನುವಾರ ಸಂಜೆ ಮಿಸ್ ಟಾಡ್‌ಹಂಟರ್ ನಮ್ಮ ಬಾಗಿಲು ತಟ್ಟಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಆ ಇಮೇಲಿನ ಪ್ರಿಂಟು.

“ಐದು ವಾರ ಬಿಟ್ಟರೆ ಮರಿಗಳು ದೊಡ್ಡವಾಗಿ ತಾವೇ ಕಾಡಿಗೆ ಹೋಗುತ್ತವೆ. ನನಗೆ ಐದು ವಾರ ಬೇಕು, ಅವರು ಐದು ದಿನ ಕೊಟ್ಟಿದ್ದಾರೆ.” ಕಾಗದವನ್ನು ಮತ್ತೆ ಮಡಚಿದರು. “ನಿಮ್ಮ ಸ್ನೇಹಿತರು ಸರಕಾರಿ ಕಚೇರಿಯಲ್ಲಿದ್ದವರಲ್ಲವೇ?”

ಶಿರಸ್ತೇದಾರರನ್ನು ಕರೆತಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬಾಯೇರಿಗೆ ನೋಟೀಸು ಕೊಟ್ಟಾರೇನು?”

ಎಲ್ಲರಿಗೂ ಬಂದ ಇಮೇಲು ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ತೇಜಸ್ಸು ಬಂತು. ಸಂಘದ ನಿಯಮಾವಳಿ ತರಿಸಿದರು. ಅರವತ್ತು ಪುಟ. ಮನೆ ಕೊಳ್ಳುವಾಗಲೂ ನಾನು ಓದದೆ ಸಹಿ ಹಾಕಿದ್ದ ಆ ಗ್ರಂಥವನ್ನು ಎರಡು ಸಂಜೆ ಕೂತು ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದೆ. ಅವರು ಕಣ್ಣು ಮುಚ್ಚಿ, ಹರಿಕಥೆ ಕೇಳುವವರ ಹಾಗೆ ಕೇಳಿದರು. ನಲವತ್ತೊಂದನೆಯ ಪುಟದಲ್ಲಿ ಕಣ್ಣು ಬಿಟ್ಟು, “ಅಲ್ಲೆ ನಿಂದರ್ರಿ” ಎಂದರು. ಒಬ್ಬ ಮಾಲೀಕನ ಡೆಕ್ಕಿನ ಮೇಲೋ ಕೆಳಗೋ ಸಂಘ ಕೆಲಸದವರನ್ನು ಕಳಿಸಬೇಕಾದರೆ ಮೂವತ್ತು ದಿನ ಮುಂಚೆ ಆ ಮಾಲೀಕನಿಗೆ ಲಿಖಿತ ನೋಟೀಸು ಕೊಡಬೇಕು. ಬೆಂಕಿ ಹೊತ್ತಿದ್ದರೆ ಅಥವಾ ನೀರು ಸೋರುತ್ತಿದ್ದರೆ ಮಾತ್ರ ವಿನಾಯಿತಿ.

“ಹಾಗಾದರೆ ಇಷ್ಟೇ ಸಾಕು ಸಾರ್” ಎಂದೆ. “ವತನದ ಮಾತು ತೆಗೆಯುವುದು ಬೇಡ.”

“ನೋಟೀಸು ತಾಂತ್ರಿಕ ಮುದ್ದಾ. ವತನ ಮುಖ್ಯ ಮುದ್ದಾ. ಮುಖ್ಯ ಬಿಟ್ಟು ತಾಂತ್ರಿಕ ಹಿಡಕೊಂಡ ಹೋದ್ರ ಎದುರಿನವ್ರು ನಗತಾರ.”

ಬುಧವಾರದ ಸಭೆಗೆ ಶಿರಸ್ತೇದಾರರು ಸ್ಕೀ ಜಾಕೆಟ್ಟು ಬಿಟ್ಟು ಕರಿಕೋಟು ಹಾಕಿಕೊಂಡು ಬಂದರು. ಕ್ಲಬ್‌ಹೌಸಿನಲ್ಲಿ ಸುಮಾರು ಮೂವತ್ತು ಜನ, ಎಲ್ಲ ದೇಶದವರೂ ಇದ್ದರು. ಮಿಸ್ ಟಾಡ್‌ಹಂಟರ್ ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಇಮ್ತಿಯಾಜ್ ಇಂಗ್ಲಿಷಿನಲ್ಲಿ ವಿಷಯ ಹೇಳಿ ಮುಗಿಸಿ, ಇತ್ತ ತಿರುಗಿ ಕನ್ನಡದಲ್ಲಿ, “ಅಂಕಲ್, ನೀವು ಮೆಂಬರ್ ಅಲ್ಲ. ಪರವಾಗಿಲ್ಲ, ಎರಡು ನಿಮಿಷ ಮಾತಾಡಿ” ಎಂದರು.

“ಎರಡು ನಿಮಿಷದಾಗ ವತನದ ತಕರಾರ ಮುಗದದ್ದ ನಾ ಕಂಡಿಲ್ಲ. ಪ್ರಯತ್ನ ಮಾಡತೇನಿ.”

ಅವರು ನಿಂತು ಮಾತಾಡಿದರು, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಿದೆ. ಸಾರಾಂಶ ಇಷ್ಟು: ಈ ಊರಿನಲ್ಲಿ ನರಿಯ ಸಂಬಂಧದ ಕೆಲಸ ಟಾಡ್‌ಹಂಟರ್ ಮನೆತನಕ್ಕೆ ಸೇರಿದ್ದು. ಆ ಮನೆತನದ ವಾರಸುದಾರರು ಇಲ್ಲಿಯೇ ಕೂತಿದ್ದಾರೆ. ಅವರು ಹಾಜರಿರುವಾಗ ಹೊರಗಿನವನೊಬ್ಬ ಬಂದು ನರಿಗೆ ಕೈಹಚ್ಚುವುದು ಅಕ್ರಮ ಪ್ರವೇಶ.

ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಪ್ಪಿಗೆಯ ನೋಟವಲ್ಲ.

“ಅಂಕಲ್” ಎಂದರು ಇಮ್ತಿಯಾಜ್, “ಇದು ಅಮೆರಿಕ. ಇಲ್ಲಿ ವತನ ಗಿತನ ಏನೂ ಇಲ್ಲ.”

“ರದ್ದಾಗೇತೇನು?”

“ಇರ್ಲೇ ಇಲ್ಲ, ರದ್ದು ಎಲ್ಲಿಂದ ಆಗುತ್ತೆ?”

“ಇವ್ರ ಅಜ್ಜ ಹಡಗಿನಿಂದ ಇಳಿಯೂಮುಂದ ಹೆಸರ ಬರಕೊಂಡ್ರಲ್ರಿ? ಹೆಸರ ಒಪ್ಪಿಕೊಂಡವ್ರು ಹೆಸರಿನ ಕೂಡ ಬಂದದ್ದನ್ನೂ ಒಪ್ಪಿಕೊಂಡಂಗ. ನಮ್ಮ ಕಡೆ ವತನ ರದ್ದ ಮಾಡಾಕ ಕಾಯ್ದೆ ಬಂತು, ಗೆಜೆಟ್ಟಿನ್ಯಾಗ ಅಚ್ಚಾತು. ನಿಮ್ಮಲ್ಲೆ ರದ್ದ ಮಾಡಿದ ಹುಕುಂ ಇದ್ರ ತೋರಸ್ರಿ, ಈಗಿಂದೀಗ ಮನೀಗೆ ಹೊಕ್ಕೇನಿ.”

ಇಮ್ತಿಯಾಜ್ ನನ್ನ ಕಡೆ ನೋಡಿದರು. “ಶ್ರೀಧರ್, ಇದನ್ನೂ ಟ್ರಾನ್ಸ್‌ಲೇಟ್ ಮಾಡ್ತೀರಾ?”

“ಮಾಡ್ಬೇಕಲ್ಲ.”

“ನೀವಾದ್ರೂ ನಮ್ಮೂರಿನವ್ರು ಅಂದ್ಕೊಂಡಿದ್ದೆ, ಮಾರಾಯ್ರೇ.”

ಮಾಡಿದೆ. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಆಗ ಮಗುವನ್ನು ಎತ್ತಿಕೊಂಡು ನಿಂತಿದ್ದ ಒಬ್ಬ ತಾಯಿ ನಗದೆ ಕೇಳಿದಳು: ಇದೆಲ್ಲ ಸರಿ, ಆ ಪ್ರಾಣಿ ನನ್ನ ಮಗುವನ್ನು ಕಚ್ಚಿದರೆ ಯಾರು ಹೊಣೆ?

ನಾನು ಹೇಳಿದ್ದನ್ನು ಕೇಳಿ ಶಿರಸ್ತೇದಾರರ ಮುಖ ಬದಲಾಯಿತು. ವಾದದ ಹುರುಪು ಇಳಿಯಿತು. “ಆಕೀ ಕೇಳೂದು ಖರೇ ಐತಿ” ಎಂದರು. “ವತನ ಅಂದ್ರ ಹಕ್ಕಷ್ಟ ಅಲ್ಲ, ಜವಾಬ್ದಾರಿನೂ ಹೌದು. ಊರಾಗ ನರಿ ಕಚ್ಚಿದ್ರ ವತನದಾರನ್ನ ಹಿಡದ ಕೇಳತಾರ.” ಆಮೇಲೆ ಮಿಸ್ ಟಾಡ್‌ಹಂಟರ್ ಕಡೆ ತಿರುಗಿ, ಸಾಕ್ಷಿಯನ್ನು ಕೇಳುವ ದನಿಯಲ್ಲಿ, “ಬಾಯೇರ, ಜವಾಬ್ದಾರಿ ತಗೋತೀರೇನು? ವಿಚಾರ ಮಾಡಿ ಹೇಳ್ರಿ” ಎಂದರು.

ಆಕೆ ಎದ್ದು ನಿಂತರು. ಭಾಷಣ ಮಾಡಲಿಲ್ಲ. ನರಿಗಳು ಹೋಗುವವರೆಗೆ ದಿನಾ ನಾಲ್ಕರಿಂದ ಕತ್ತಲಾಗುವವರೆಗೆ, ಮಕ್ಕಳು ಆಡುವ ಹೊತ್ತಿಗೆ, ಹುಲ್ಲುಹಾಸಿಗೂ ತಮ್ಮ ಡೆಕ್ಕಿಗೂ ನಡುವೆ ತಾವು ನಿಲ್ಲುವುದಾಗಿ ಹೇಳಿದರು. “ನಾನು ಮೂವತ್ತೊಂದು ವರ್ಷ ರಸ್ತೆಯಲ್ಲಿ ನಿಂತಿದ್ದೇನೆ. ನಾನಿದ್ದಾಗ ಒಂದು ಮಗುವಿಗೂ ಏನೂ ಆಗಿಲ್ಲ.”

ಅಲ್ಲಿದ್ದ ಕೆಲವರ ಮಕ್ಕಳನ್ನು ರಸ್ತೆ ದಾಟಿಸಿದವರು ಅವರೇ. ಮಗುವಿನ ತಾಯಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತಳು.

ಆಗ ಶಿರಸ್ತೇದಾರರು ಕೋಟಿನ ಒಳಜೇಬಿನಿಂದ ನಲವತ್ತೊಂದನೆಯ ಪುಟದ ಝೆರಾಕ್ಸ್ ತೆಗೆದು ಇಮ್ತಿಯಾಜ್ ಮುಂದಿಟ್ಟರು. ಎಲ್ಲಿ ನೋಡಬೇಕೆಂದು ಬೆರಳಿಟ್ಟು ತೋರಿಸಿದರು. “ನರಿ ಬೆಂಕಿಯಲ್ಲ, ನೀರೂ ಅಲ್ಲ.”

ಇಮ್ತಿಯಾಜ್ ಎರಡು ಸಲ ಓದಿದರು. “ಅಂಕಲ್, ಇದನ್ನ ಮೊದಲೇ ಕೊಟ್ಟಿದ್ರೆ ಎಲ್ಲರೂ ಇಷ್ಟೊತ್ತಿಗೆ ಊಟ ಮಾಡ್ತಿದ್ವಿ.”

ಇಮ್ತಿಯಾಜ್ ಕೇಳಿ ಕಳಿಸಿದ್ದಕ್ಕೆ ಸಂಘದ ವಕೀಲರ ಉತ್ತರ ಮರುದಿನ ಬಂತು. ವತನದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನೋಟೀಸಿನ ಬಗ್ಗೆ ಎರಡು ಸಾಲಿತ್ತು: ನಿಯಮ ಹೌದು, ಪಾಲಿಸಬೇಕು. ಶುಕ್ರವಾರದವನನ್ನು ಬರಬೇಡವೆಂದರು. ನೋಟೀಸು ಸೋಮವಾರ ಅಂಚೆಯಲ್ಲಿ ಬಂತು. ಮೂವತ್ತು ದಿನ, ಅದರ ಮೇಲೆ ಹಿಡಿಯುವವನಿಗೆ ಬಿಡುವಿಲ್ಲದ ಒಂದು ವಾರ. ಲೆಕ್ಕ ಹಾಕಿದರೆ ಮಿಸ್ ಟಾಡ್‌ಹಂಟರ್ ಕೇಳಿದ ಐದು ವಾರ ಸಿಕ್ಕಿತ್ತು. ಸಾಕಾಗುತ್ತದೋ ಇಲ್ಲವೋ ನರಿಗೆ ಮಾತ್ರ ಗೊತ್ತಿತ್ತು.

ಮೇ ತಿಂಗಳ ಸಂಜೆಗಳಲ್ಲಿ ಆಫೀಸಿನಿಂದ ಬರುವಾಗ ನಾನು ಕಾಣುತ್ತಿದ್ದ ನೋಟ ಇದು. ಹುಲ್ಲುಹಾಸಿನ ಅಂಚಿನಲ್ಲಿ ಹಳದಿ ಕೋಟು ತೊಟ್ಟು, ಕೆಂಪು ಫಲಕ ಹಿಡಿದು ಮಿಸ್ ಟಾಡ್‌ಹಂಟರ್ ನಿಂತಿರುತ್ತಿದ್ದರು. ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ, ಕಿತ್ತಳೆ ಜಾಕೆಟ್ಟಿನಲ್ಲಿ, ಶಿರಸ್ತೇದಾರರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಕೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು, ಇವರು ಕನ್ನಡದಲ್ಲಿ ಇನ್ನೇನೋ ಹೇಳುತ್ತಿದ್ದರು, ಇಬ್ಬರೂ ತಲೆಯಾಡಿಸುತ್ತಿದ್ದರು. “ದಿನಾ ಏನು ಸಾರ್ ಮಾತು?” ಎಂದು ಒಮ್ಮೆ ಕೇಳಿದೆ. “ಅವ್ರು ಅವ್ರಣ್ಣನ ಸುದ್ದಿ ಹೇಳತಾರ, ನಾ ನಮ್ಮ ಮನಿಯಾಕಿ ಸುದ್ದಿ ಹೇಳತೇನಿ” ಎಂದರು. ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ಇಮ್ತಿಯಾಜರ ಮಗಳು ಒಂದು ದಿನ ಫಲಕದವರೆಗೆ ಓಡಿ ಬಂದು, ಮುಖ ನೋಡಿ, ತಾನಾಗಿ ಹಿಂದಕ್ಕೆ ಹೋದಳು.

ವೀಸಾದ ಅವಧಿ ಮೇ ಕೊನೆಗೆ ಮುಗಿಯುತ್ತಿತ್ತು, ನೋಟೀಸಿನದು ಜೂನಿನಲ್ಲಿ. ಆರು ದಿನ ಹೆಚ್ಚಿಗೆ ಇರಲು ಬರುತ್ತದೇನೋ ಎಂದು ಮಗಳನ್ನು ಕೇಳಿದರಂತೆ. “ಸುಮ್ಮನಿರಪ್ಪಾ, ನರಿ ಸಲುವಾಗಿ ಓವರ್‌ಸ್ಟೇ ಮಾಡಿದ್ರ ಮತ್ತ ವೀಸಾ ಕೊಡೂದಿಲ್ಲ” ಎಂದಳು ಸವಿತಾ. ವಾಯಿದೆಯ ಬೆಲೆ ಬಲ್ಲವರಾದ್ದರಿಂದ ಅವರು ಮತ್ತೆ ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಸೂಟ್‌ಕೇಸುಗಳನ್ನು ಕಾರಿಗೆ ತುಂಬುತ್ತಿರುವಾಗ ನನ್ನನ್ನು ಕರೆಸಿದರು. ವಕೀಲರ ಉತ್ತರದ ನಕಲು ಬೇಕಿತ್ತು. ಇಮೇಲನ್ನು ಪ್ರಿಂಟ್ ಮಾಡಿ ಕೊಟ್ಟೆ. ತಿರುಗಿಸಿ ನೋಡಿ, “ಶಿಕ್ಕಾ ಎಲ್ಲೈತ್ರಿ?” ಎಂದರು.

“ಇದಕ್ಕೆ ಸೀಲು ಇರಲ್ಲ ಸಾರ್.”

“ದೊಡ್ಡ ದೇಶ” ಎಂದು ನಿಟ್ಟುಸಿರು ಬಿಟ್ಟು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಮಿಸ್ ಟಾಡ್‌ಹಂಟರ್ ಕೊನೆಯ ಮನೆಯಿಂದ ನಿಧಾನವಾಗಿ ನಡೆದು ಬಂದರು. ಇವರು ಕೈ ಮುಗಿದರು. ಆಕೆ ಕೈ ನೀಡಿದರು. ಒಂದು ಕ್ಷಣ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದೆ, ಕೊನೆಗೆ ಆಕೆ ಮುಗಿದ ಎರಡೂ ಕೈಯನ್ನು ಒಟ್ಟಿಗೇ ಹಿಡಿದು ಕುಲುಕಿದರು. ಕಾರು ಹತ್ತಿದ ಮೇಲೆ ಕಿಟಕಿ ಇಳಿಸಿ ಶಿರಸ್ತೇದಾರರು ನನಗೆ ಹೇಳಿದ್ದು ಇಷ್ಟು: “ವಾಯಿದೆ ಮುಗಿಯೂ ದಿನಾ ನೀವು ಹಾಜರಿರ್ರಿ. ಯಾರೂ ಹಾಜರಿಲ್ಲ ಅಂದ್ರ ಏಕತರ್ಫಾ ಆಗತೈತಿ.”

ಹಾಜರಿದ್ದೆ. ಅರ್ಧ ದಿನ ರಜೆ ಹಾಕಿದ್ದೆ. ಹಿಡಿಯುವವನು ನೆಲಕ್ಕೆ ಮಲಗಿ ಟಾರ್ಚು ಬಿಟ್ಟು ಡೆಕ್ಕಿನ ಕೆಳಗೆ ಬಹಳ ಹೊತ್ತು ನೋಡಿದ. ಕೆಲವು ಹಕ್ಕಿಗರಿ, ಅಗಿದು ಹಾಕಿದ ಒಂದು ಟೆನಿಸ್ ಚೆಂಡು. ನರಿಗಳು ನಾಲ್ಕು ದಿನದ ಹಿಂದೆಯೇ ಹೋಗಿದ್ದವು; ಮಿಸ್ ಟಾಡ್‌ಹಂಟರ್ ಅವರಿಗೆ ಗೊತ್ತಿತ್ತು, ಆದರೂ ಆ ನಾಲ್ಕು ಸಂಜೆಯೂ ಬಂದು ನಿಂತಿದ್ದರು. ಇಮ್ತಿಯಾಜ್ ಗಟ್ಟಿಯಾಗಿ ಉಸಿರು ಬಿಟ್ಟು, “ಅಂಕಲ್‌ಗೆ ಹೇಳಿ” ಎಂದರು.

ಧಾರವಾಡಕ್ಕೆ ಫೋನು ಮಾಡಿದೆ.

“ಪಂಚನಾಮೆ ಮಾಡಿದ್ರೇನು?”

“ಇಲ್ಲ ಸಾರ್.”

“ಮಾಡಬೇಕಿತ್ತು” ಎಂದರು. ಆಮೇಲೆ, “ನಾಲ್ಕೂ ಹೋದವೇನು?” ಎಂದರು. ನಾಲ್ಕೂ ಎಂದೆ.

ಶಿರಸ್ತೇದಾರರು ಮತ್ತೆ ಡಿಸೆಂಬರಿಗೆ ಬರುವುದೆಂದಿತ್ತು. ಆರೋಗ್ಯ ಕೆಟ್ಟು ಮುಂದಕ್ಕೆ ಹೋಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಸವಿತಾ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದವಳು ನನ್ನನ್ನು ಕಂಡು ಕೆರೆಯುವುದನ್ನು ನಿಲ್ಲಿಸಿದಳು. ಹಿಂದಿನ ದಿನ ನಿದ್ದೆಯಲ್ಲಿಯೇ ಹೋದರಂತೆ. ಮಿಸ್ ಟಾಡ್‌ಹಂಟರ್ ಅವರಿಗೆ ನಾನೇ ಹೋಗಿ ಹೇಳಿದೆ. ಆಕೆ ಧಾರವಾಡದ ವಿಳಾಸ ಬರೆಸಿಕೊಂಡು, ಹೆಸರಿನ ಒಂದೊಂದು ಅಕ್ಷರವನ್ನೂ ನನ್ನಿಂದ ಸರಿನೋಡಿಸಿ ಒಂದು ಕಾರ್ಡು ಕಳಿಸಿದರು.

ಈ ವರ್ಷ ಮಾರ್ಚಿನಲ್ಲಿ, ಪ್ರಾಣಿಗಳು ಸೇರದಂತೆ ಎಲ್ಲ ಡೆಕ್ಕುಗಳ ಕೆಳಗೂ ತಂತಿಯ ಜಾಲರಿ ಹೊಡೆಸುವುದೆಂದು ಸಂಘ ನಿರ್ಣಯ ಮಾಡಿತು. ಈ ಸಲ ಮೂವತ್ತು ದಿನದ ನೋಟೀಸು ಪ್ರತಿಯೊಬ್ಬರಿಗೂ ಅಂಚೆಯಲ್ಲಿ ಬಂತು. ಕೊನೆಯ ಮನೆಯಿಂದ ಒಂದು ಲಿಖಿತ ತಕರಾರು ಬಂತು, ಇಮ್ತಿಯಾಜ್ ಅದನ್ನು ಸಭೆಯಲ್ಲಿ ಓದಿದರು, ಯಾರೂ ವಿರೋಧಿಸಲಿಲ್ಲ. ಅರವತ್ತೆರಡು ಡೆಕ್ಕುಗಳಲ್ಲಿ ಅರವತ್ತೊಂದಕ್ಕೆ ಜಾಲರಿ ಹೊಡೆಸಲಾಗಿದೆ.